ಮೊದಲು ಪೇ ಸ್ಲಿಪ್ ಬಿಡಿಸಿ ಹೇಳಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಎಚ್‌ಆರ್ ಅಧಿಕಾರಿ ಬರೆದಿದ್ದಾರೆ: "ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಸಾಫ್ಟ್‌ವೇರ್, ಫೈಲು ಎಲ್ಲ ಬದಲಾಗಬೇಕು. ಕೆಲಸಗಾರರಲ್ಲಿ ಆಗಲೇ ಗುಸುಗುಸು ಶುರುವಾಗಿದೆ. ಎಲ್ಲಿಂದ ತಯಾರಿ ಮಾಡಿಕೊಳ್ಳೋದು?"

ನಮಸ್ಕಾರ. ಆ ಗುಸುಗುಸುವಿನಿಂದಲೇ ಶುರು ಮಾಡಿ. ಸಂಬಳ ಕಡಿಮೆ ಆಗುತ್ತಂತೆ ಅನ್ನೋ ಸುದ್ದಿ ಇಡೀ ಫ್ಯಾಕ್ಟರಿ ಸುತ್ತೋಕೆ ಒಂದು ಟೀ ಬ್ರೇಕ್ ಸಾಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಸಂಹಿತೆಗಳು 29 ಹಳೇ ಕಾನೂನುಗಳ ಜಾಗದಲ್ಲಿ ಕೂತಿವೆ. ಕೆಲಸಗಾರರು ಕೇಳೋದು ಮಾತ್ರ ಒಂದೇ: ನನ್ನ ಕೈಗೆ ಎಷ್ಟು ಬರುತ್ತೆ?

ತಿಂಗಳಿಗೆ 30,000 ರೂಪಾಯಿ ಸಂಬಳದವರೊಬ್ಬರನ್ನು ತಗೊಳ್ಳಿ. ಬೇಸಿಕ್ (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 10,000. ಉಳಿದದ್ದು ಮನೆ ಬಾಡಿಗೆ, ಓಡಾಟದ ಭತ್ಯೆ. ಹೊಸ ಲೆಕ್ಕದಲ್ಲಿ ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ್ದಷ್ಟೂ ವೇತನಕ್ಕೆ, ಅಂದರೆ ಪಿಎಫ್ (ಭವಿಷ್ಯ ನಿಧಿ) ಮುಂತಾದವನ್ನು ಲೆಕ್ಕ ಹಾಕುವ ಮೊತ್ತಕ್ಕೆ, ಸೇರುತ್ತೆ. ಅಲ್ಲಿಗೆ ವೇತನ 15,000 ಆಯ್ತು. ನೀವು ಈವರೆಗೆ ಬೇಸಿಕ್, ಡಿಎ ಮೇಲಷ್ಟೇ ಶೇ 12ರಷ್ಟು ಪಿಎಫ್ ಹಿಡಿಯುತ್ತಿದ್ದರೆ, 1,200 ಇದ್ದದ್ದು 1,800 ಆಗುತ್ತೆ. ಕೈಗೆ 600 ಕಡಿಮೆ. ಇದನ್ನು ಮುಚ್ಚಿಡಬೇಡಿ. ಹತ್ತು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಅಂದರೆ ಗ್ರ್ಯಾಚುಟಿ, ಸುಮಾರು 57,700ರಿಂದ 86,500ಕ್ಕೆ ಏರುತ್ತೆ ಅನ್ನೋದನ್ನೂ ಜೊತೆಗೇ ಹೇಳಿ.

ಕಂಪನಿಯೂ ಪಿಎಫ್‌ಗೆ 600 ಜಾಸ್ತಿ ಕಟ್ಟಬೇಕು. ಅದನ್ನು ಸಿಟಿಸಿ (ಒಬ್ಬರಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಒಳಗೇ ಹೊಂದಿಸಿಬಿಟ್ಟರೆ ಕೈಗೆ ಬರೋದು ಇನ್ನೂ ಇಳಿಯುತ್ತೆ. ನನ್ನ ಪ್ರಕಾರ ಹಾಗೆ ಮಾಡಬಾರದು. ಮ್ಯಾನೇಜ್‌ಮೆಂಟ್ ಹತ್ತಿರ ಈ ಮಾತು ಮುಗಿಸದೆ ಕೆಲಸಗಾರರ ಮುಂದೆ ನಿಲ್ಲಬೇಡಿ.

ನೋಟಿಸ್ ಬೋರ್ಡಿಗೆ ಅಂಟಿಸಿ ಕೈತೊಳೆದುಕೊಂಡರೆ ಆಗೋಲ್ಲ. ನಂಜನಗೂಡು, ಪಾಂಡವಪುರ ಕಡೆಯಿಂದ ಬರೋರು ಶಿಫ್ಟ್ ಬಿಟ್ಟ ಕೂಡಲೇ ಬಸ್ಸಿಗೆ ಓಡ್ತಾರೆ, ಅಲ್ವಾ? ಶಿಫ್ಟ್ ಒಳಗೇ ಅರ್ಧ ಗಂಟೆ ಕೇಳಿ ತಗೊಳ್ಳಿ. ಅವರವರ ಹಳೇ ಸ್ಲಿಪ್, ಹೊಸ ಸ್ಲಿಪ್ ಪಕ್ಕಪಕ್ಕ ಇಟ್ಟು ಕನ್ನಡದಲ್ಲಿ ಬಿಡಿಸಿ ಹೇಳಿ.

20 ಅಥವಾ ಜಾಸ್ತಿ ಕೆಲಸಗಾರರಿದ್ದರೆ ಕುಂದುಕೊರತೆ ಸಮಿತಿ ಬೇಕೇ ಬೇಕು. ಅದಕ್ಕೆ ಸೂಪರ್‌ವೈಸರ್‌ಗೆ ಬೇಕಾದವರನ್ನೇ ತುಂಬಬೇಡಿ. ನಿಗದಿತ ಅವಧಿಗೆ ಕೆಲಸಕ್ಕೆ ಸೇರಿದವರಿಗೆ ಈಗ ಒಂದು ವರ್ಷಕ್ಕೇ ಗ್ರ್ಯಾಚುಟಿ ಸಿಗುತ್ತೆ. ಅವರಾಗಿ ಕೇಳಲಿ ಅಂತ ಕಾಯಬೇಡಿ, ನೀವೇ ತಿಳಿಸಿ.

ಇನ್ನೊಂದು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನಿಮ್ಮಲ್ಲಿ ನೋ ಡ್ಯೂಸ್ (ಕಂಪನಿಗೆ ಬಾಕಿ ಏನೂ ಇಲ್ಲ ಅನ್ನೋ) ಸಹಿಗೆ ಸ್ಟೋರ್ಸ್, ಕ್ಯಾಂಟೀನ್, ಅಕೌಂಟ್ಸ್ ಅಂತ ಜನರನ್ನು ಅಲೆಸುವ ಪದ್ಧತಿ ಇದ್ದರೆ ಈ ವಾರವೇ ನಿಲ್ಲಿಸಿ. ಆ ಸಹಿಗಳನ್ನು ನಿಮ್ಮ ವಿಭಾಗದವರೇ ಓಡಾಡಿ ಹಾಕಿಸಿಕೊಳ್ಳಲಿ.