ಹೊಗೆ ಒಳಗೇ ತಿರುಗಿದರೆ?

ಪ್ರಶ್ನೆ: ಅಡುಗೆಮನೆಗೆ ಹೊಸದಾಗಿ ಅಸ್ತ್ರ ಒಲೆ (ಸೌದೆ ಉಳಿಸುವ, ಹೊಗೆ ಕೊಳವೆಯಿರುವ ಒಲೆ) ಹಾಕಿಸಿದ್ದೇವೆ. ಹೊಗೆ ಕೊಳವೆ ಮಾಡಿನಿಂದ ಒಂದು ಗೇಣು ಮೇಲಿದೆ. ಗಾಳಿಮಳೆ ಬಂದರೆ ಹೊಗೆಯೆಲ್ಲ ಒಳಗೇ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಒಂದು ಗೇಣು ಯಾತಕ್ಕೂ ಸಾಲದು ತಾಯಿ. ಹಂಚಿನ ಮಾಡು ದಾಟಿ ಇಳಿಯುವ ಗಾಳಿ ಹೊಗೆಯನ್ನು ಕೊಳವೆಯೊಳಕ್ಕೇ ಒತ್ತುತ್ತದೆ. ಕೊಳವೆಯ ಬಾಯಿ ಮಾಡಿನ ನೆತ್ತಿಗಿಂತ 2–3 ಅಡಿ ಮೇಲಿರಲಿ, ಮಳೆನೀರು ಇಳಿಯದಂತೆ ಟೊಪ್ಪಿಯೂ ಇರಲಿ. ಮರದ ಪಕ್ಕಾಸಿಗೆ ಕೊಳವೆ ತಾಗಿದೆಯೇ, ಇವತ್ತೇ ನೋಡಿ. ತಾಗಿದ್ದರೆ ಒಲೆ ಹೊತ್ತಿಸಬೇಡಿ. ಹಸಿ ಸೌದೆ ಉರಿಸಿದರೆ ಕೊಳವೆಯೊಳಗೆ ಮಸಿ ಕಟ್ಟುತ್ತದೆ, ಆ ಮಸಿಗೇ ಬೆಂಕಿ ಹಿಡಿಯುವುದುಂಟು. ಆಗಾಗ ಕೆರೆಸಿ ತೆಗೆಸಿ. ಉರಿ ಏಳದಿದ್ದರೆ ಸೀಮೆಎಣ್ಣೆ ಸುರಿಯುವ ಶೌರ್ಯ ಬೇಡ, ಒಣ ಗೆರಟೆ ಇದೆಯಲ್ಲ! ಕೆಂಡವಿರುವಾಗ ಕಿಟಕಿ ಮುಚ್ಚಿ ಮಲಗಲೂಬೇಡಿ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.