ಆಗ ಸಂಸತ್ತು ಏನು ಹೇಳಿತ್ತು?

ನಮಸ್ಕಾರ.

ವಿದೇಶ ವ್ಯವಹಾರದಲ್ಲಿ ಅಮೆರಿಕದ ಅಧ್ಯಕ್ಷರೇ ಸರ್ವಾಧಿಕಾರಿ, ಅಲ್ಲಿನ ಸಂಸತ್ತು ಬರೀ ಒಪ್ಪಿಗೆಯ ಮುದ್ರೆ ಒತ್ತುವ ಸಭೆ ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ ಎಂದು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಂಥ ಕಾನೂನಿನ ಸಂಗತಿಯನ್ನು ಕನ್ನಡದಲ್ಲಿ ಬರೆಯಲು ಕೂರುವವರೇ ಕಡಿಮೆ. ಕೂತವರು ತಪ್ಪು ಬರೆದರೆ, ಓದುಗರಿಗೆ ತಿದ್ದಿಕೊಳ್ಳಲು ಇನ್ನೊಂದು ಲೇಖನ ಸುಲಭಕ್ಕೆ ಸಿಗುವುದಿಲ್ಲ.

ನಿಮ್ಮ ವಾದವೆಲ್ಲ ನಿಂತಿರುವುದು ಒಂದು ಮಾತಿನ ಮೇಲೆ. ಹೊರದೇಶಗಳ ಸಂಬಂಧದಲ್ಲಿ ಅಧ್ಯಕ್ಷರೇ ದೇಶದ ‘ಏಕೈಕ ಅಂಗ’ ಎಂದು 1936ರ ಕರ್ಟಿಸ್-ರೈಟ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು ಎನ್ನುತ್ತೀರಿ. ಹೇಳಿದ್ದು ನಿಜ. ಆದರೆ ಆ ಮೊಕದ್ದಮೆ ಏನೆಂಬುದನ್ನೇ ಬಿಟ್ಟಿದ್ದೀರಿ. ದಕ್ಷಿಣ ಅಮೆರಿಕದ ಚಾಕೊ ಪ್ರದೇಶಕ್ಕಾಗಿ ಬೊಲಿವಿಯಾ, ಪರಾಗ್ವೆ ಕಾದಾಡುತ್ತಿದ್ದವು. ಅಲ್ಲಿಗೆ ಆಯುಧ ಮಾರುವುದನ್ನು ತಡೆಯುವ ಅಧಿಕಾರವನ್ನು 1934ರ ಮೇ 28ರಂದು ಸಂಸತ್ತೇ ಗೊತ್ತುವಳಿ ಮಾಡಿ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಕೊಟ್ಟಿತು. ಅವರು ಅಂದೇ ನಿಷೇಧ ಹೊರಡಿಸಿದರು. ಬೊಲಿವಿಯಾಕ್ಕೆ 15 ಮಷಿನ್ ಗನ್ ಮಾರಲು ಸಂಚು ಮಾಡಿದ ಆರೋಪ ಕರ್ಟಿಸ್-ರೈಟ್ ಕಂಪನಿಯ ಮೇಲೆ ಬಂತು. ಅಧ್ಯಕ್ಷರು ಸಂಸತ್ತಿಗೆ ಎದುರು ನಿಂತ ಪ್ರಕರಣವೇ ಅಲ್ಲ ಅದು. ಸಂಸತ್ತು ಕೊಟ್ಟ ಅಧಿಕಾರವನ್ನು ಬಳಸಿದ ಪ್ರಕರಣ.

ಇನ್ನೂ ಹಿಂದಕ್ಕೆ ಹೋಗಿ. ಆ ತೀರ್ಪು ಬರೆದ ನ್ಯಾಯಮೂರ್ತಿ ಸದರ್ಲೆಂಡ್ ‘ಏಕೈಕ ಅಂಗ’ದ ಮಾತನ್ನು ಎತ್ತಿಕೊಂಡದ್ದು ಜಾನ್ ಮಾರ್ಷಲ್ 1800ರಲ್ಲಿ ಮಾಡಿದ ಭಾಷಣದಿಂದ. ಮಾರ್ಷಲ್ ಆಗಿನ್ನೂ ಮುಖ್ಯ ನ್ಯಾಯಮೂರ್ತಿಯಾಗಿರಲಿಲ್ಲ, ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯ. ಬ್ರಿಟನ್ನಿನ ಜೊತೆ ಮೊದಲೇ ಆಗಿದ್ದ ಒಡಂಬಡಿಕೆಯ ಪ್ರಕಾರ ಒಬ್ಬ ನಾವಿಕನನ್ನು ಬ್ರಿಟಿಷರಿಗೆ ಒಪ್ಪಿಸಿದ ಅಧ್ಯಕ್ಷ ಆಡಮ್ಸ್ ಅವರನ್ನು ಅವರು ಸಮರ್ಥಿಸುತ್ತಿದ್ದರು. ಹೊರದೇಶದೊಂದಿಗೆ ಮಾತಾಡುವವರು ಅಧ್ಯಕ್ಷರು, ಒಡಂಬಡಿಕೆಯನ್ನು ಜಾರಿ ಮಾಡಬೇಕಾದವರೂ ಅವರೇ ಎಂಬುದು ಅಲ್ಲಿನ ಮಾತು. ದೇಶಕ್ಕೆ ಬಾಯಿ ಒಂದೇ ಎಂದರೆ ತಲೆಯೂ ಒಂದೇ ಎಂದಾಗಲಿಲ್ಲ. ಈ ಮೂಲವನ್ನು ನೋಡದೆ ಉದ್ಧರಿಸಿದ್ದೇ ನಿಮ್ಮ ಲೇಖನದ ದೊಡ್ಡ ಕೊರತೆ.

ನಿಮ್ಮ ಪ್ರತಿ ಉದಾಹರಣೆಯ ಅಂಚಿನಲ್ಲೂ ನಾನು ಬರೆದಿರುವುದು ಒಂದೇ ಪ್ರಶ್ನೆ: ‘ಆಗ ಸಂಸತ್ತು ಏನು ಹೇಳಿತ್ತು?’ ಇದನ್ನು ಕಲಿಸಿದವರು ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜಾಕ್ಸನ್. ಕೊರಿಯಾ ಯುದ್ಧದ ನಡುವೆ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ, 1952ರಲ್ಲಿ ಕೋರ್ಟ್ 6–3ರಿಂದ ಅದು ಸಲ್ಲದು ಎಂದಿತು. ಸಂಸತ್ತು ಒಪ್ಪಿದ್ದರೆ ಅಧ್ಯಕ್ಷರ ಬಲ ತುಂಬು, ಸುಮ್ಮನಿದ್ದರೆ ಮಬ್ಬು, ಬೇಡವೆಂದಿದ್ದರೆ ತೀರಾ ಕಡಿಮೆ ಎಂಬ ಲೆಕ್ಕವನ್ನು ಜಾಕ್ಸನ್ ಕೊಟ್ಟದ್ದು ಅಲ್ಲೇ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

2015ರ ಪಾಸ್‌ಪೋರ್ಟ್ ಪ್ರಕರಣವನ್ನು ಎತ್ತಿಕೊಂಡದ್ದು ಒಳ್ಳೆಯದಾಯಿತು. ಜೆರುಸಲೇಮಿನಲ್ಲಿ ಹುಟ್ಟಿದ ಅಮೆರಿಕನ್ ಹುಡುಗ, ಹುಟ್ಟಿದ ಸ್ಥಳ ‘ಇಸ್ರೇಲ್’ ಎಂದು ನಮೂದಿಸಿ ಎಂದು ತಂದೆತಾಯಿ ಕೇಳಿದರು, 2002ರ ಕಾಯ್ದೆ ಅವರಿಗೆ ಆ ಹಕ್ಕು ಕೊಟ್ಟಿತ್ತು, ಜೆರುಸಲೇಮ್ ಯಾವ ದೇಶದ್ದೆಂದು ಆಗ ಮಾನ್ಯ ಮಾಡಿರದ ಸರ್ಕಾರ ಒಪ್ಪಲಿಲ್ಲ. ಸಂಸತ್ತು ಸ್ಪಷ್ಟವಾಗಿ ಹೇಳಿದ್ದಕ್ಕೆ ವಿರುದ್ಧ ನಿಂತೂ ಅಧ್ಯಕ್ಷರು ಗೆದ್ದರು. ನಿಮ್ಮ ಪಕ್ಷಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಆದರೆ ತೀರ್ಪಿನ ಉಳಿದರ್ಧವನ್ನೂ ಹೇಳಬೇಕು: ಗೆದ್ದದ್ದು ಹೊರದೇಶಕ್ಕೆ ಮಾನ್ಯತೆ ಕೊಡುವ ಅಧಿಕಾರದ ಮಟ್ಟಿಗೆ ಮಾತ್ರ. ಸರ್ಕಾರ ಕರ್ಟಿಸ್-ರೈಟ್ ಹಿಡಿದು ಕೇಳಿದ ವಿಶಾಲ ಅಧಿಕಾರವನ್ನು ಕೋರ್ಟ್ ಕೊಡಲಿಲ್ಲ.

ಇನ್ನು ನನಗೆ ನಿಜಕ್ಕೂ ಬೇಸರವಾದದ್ದು ನಿಮ್ಮ ಐದನೇ ಪುಟ. ಭಾರತ–ಅಮೆರಿಕ ಅಣು ಒಪ್ಪಂದವನ್ನು ಎರಡೇ ಸಾಲಿನಲ್ಲಿ ‘ಬುಷ್ ಕೊಟ್ಟರು, ನಾವು ಪಡೆದೆವು’ ಎಂದು ಮುಗಿಸಿದ್ದೀರಿ. ನಮ್ಮ ಓದುಗರಿಗೆ ಈ ಕಾನೂನು ಮನೆಬಾಗಿಲಿಗೆ ಬಂದದ್ದು ಅಲ್ಲೇ ಅಲ್ಲವೇ? ಅಮೆರಿಕದ 1954ರ ಅಣುಶಕ್ತಿ ಕಾಯ್ದೆಯ ಕಟ್ಟುಪಾಡಿನಿಂದ ಭಾರತಕ್ಕೆ ವಿನಾಯಿತಿ ಬೇಕಿತ್ತು. ಅದನ್ನು ಕೊಡಬಲ್ಲದ್ದು ಸಂಸತ್ತು ಮಾತ್ರ. ಕೊಟ್ಟದ್ದು 2006ರ ಹೈಡ್ ಕಾಯ್ದೆ; ಆದರೆ ಇರಾನನ್ನು ತಡೆಯುವ ಅಮೆರಿಕದ ಪ್ರಯತ್ನದಲ್ಲಿ ಭಾರತ ಪೂರ್ತಿಯಾಗಿ ಭಾಗವಹಿಸುವಂತೆ ಮಾಡಬೇಕು ಎಂಬ ನೀತಿಯನ್ನೂ ಅದರ 103ನೇ ಸೆಕ್ಷನ್‌ನಲ್ಲಿ ಸೇರಿಸಿತು. ಡಿಸೆಂಬರ್ 18ರಂದು ಬುಷ್ ಸಹಿ ಹಾಕಿದರು. ಜೊತೆಗೇ ಒಂದು ಹೇಳಿಕೆ ಹೊರಡಿಸಿ, ವಿದೇಶ ವ್ಯವಹಾರ ನಡೆಸುವ ಅಧಿಕಾರವನ್ನು ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿದೆ, ಆದ್ದರಿಂದ ಆ ನೀತಿಯ ಮಾತುಗಳನ್ನು ಸಲಹೆ ಎಂದಷ್ಟೇ ಪರಿಗಣಿಸುತ್ತೇವೆ ಎಂದರು.

ಹಾಗಾದರೆ ದೆಹಲಿ ನಂಬಬೇಕಾದದ್ದು ಕಾಯ್ದೆಯನ್ನೋ, ಸಹಿ ಹಾಕಿದವರ ಹೇಳಿಕೆಯನ್ನೋ? ಎಡಪಕ್ಷಗಳು ಹೈಡ್ ಕಾಯ್ದೆಯನ್ನು ಮುಂದಿಟ್ಟು ಜಗಳ ತೆಗೆದು 2008ರ ಜುಲೈಯಲ್ಲಿ ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ ವಿಶ್ವಾಸಮತದಲ್ಲಿ 275–256ರಿಂದ ಉಳಿಯಿತು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರಿಗೂ ಸಂಸತ್ತಿಗೂ ನಡುವೆ ಇದ್ದ ಗೆರೆ ಎಲ್ಲಿದೆ ಎಂಬ ಪ್ರಶ್ನೆ ಇಲ್ಲಿ ಒಂದು ಸರ್ಕಾರವನ್ನೇ ಅಲುಗಾಡಿಸಿತು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಪದಗಳ ಬಗ್ಗೆಯೂ ಹೇಳಬೇಕು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಹಾಜರಿರುವ ಸದಸ್ಯರ ಮೂರನೇ ಎರಡು ಭಾಗ ಒಪ್ಪಬೇಕಾದ್ದನ್ನೂ, ಒಪ್ಪಬೇಕಿಲ್ಲದ್ದನ್ನೂ ನೀವು ‘ಒಪ್ಪಂದ’ ಎಂದೇ ಕರೆದಿದ್ದೀರಿ. ಮೊದಲನೆಯದನ್ನು ‘ಒಡಂಬಡಿಕೆ’ ಎನ್ನಿ, ಮಿಕ್ಕದ್ದು ‘ಒಪ್ಪಂದ’ವಾಗಿರಲಿ. ಮೊದಲ ಮಹಾಯುದ್ಧದ ನಂತರದ ವರ್ಸೈಲ್ಸ್ ಒಡಂಬಡಿಕೆ ಸೆನೆಟ್‌ನಲ್ಲಿ ಬಿದ್ದುಹೋಯಿತು. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಒಬಾಮಾ ಸೆನೆಟ್ಟನ್ನು ಕೇಳದೆ ಸೇರಿದರು, ಟ್ರಂಪ್ ಹೊರಬಂದರು, ಬೈಡನ್ 2021ರಲ್ಲಿ ಮತ್ತೆ ಸೇರಿದರು. ಎರಡಕ್ಕೂ ಒಂದೇ ಪದ ಬಳಸಿದರೆ ಈ ವ್ಯತ್ಯಾಸ ಓದುಗನ ಕಣ್ಣಿಗೇ ಬೀಳುವುದಿಲ್ಲ. ಅಣು ಒಪ್ಪಂದವೂ ಎರಡನೇ ಬಗೆಯದು: ಎರಡೂ ಸಭೆಗಳಲ್ಲಿ ಮಸೂದೆಯಾಗಿ ಹಾದುಹೋದದ್ದು, ಸೆನೆಟ್‌ನಲ್ಲಿ 86–13. ಹಾಗೆಯೇ ಅಮೆರಿಕದ ಸಂಸತ್ತನ್ನು ಅದರ ಹೆಸರಿನಿಂದ ‘ಕಾಂಗ್ರೆಸ್’ ಎಂದು ಬರೆಯಬೇಡಿ. 2008ರ ಕಥೆಯಲ್ಲಿ ಅಲ್ಲಿನದೋ ಇಲ್ಲಿನ ಪಕ್ಷವೋ ಗೊತ್ತಾಗದೆ ನಾನೇ ಎರಡು ಕಡೆ ತಡವರಿಸಿದೆ.

ಮೊದಲ ಮೂರು ಪುಟ, ಅಂದರೆ ಅಮೆರಿಕ ಸಂವಿಧಾನದ ಪರಿಚಯ, ತೆಗೆದುಬಿಡಿ. ಹೈಡ್ ಕಾಯ್ದೆಯ 103ನೇ ಸೆಕ್ಷನ್ ಮತ್ತು ಬುಷ್ ಹೇಳಿಕೆ ಎರಡನ್ನೂ ಪೂರ್ತಿ ಓದಿ, ಪಕ್ಕಪಕ್ಕ ಇಟ್ಟುಕೊಂಡು ಬರೆಯಿರಿ. 1,500 ಪದ ಮೀರದಿರಲಿ. ಕರಡು ಬಂದ ವಾರದಲ್ಲೇ ಓದಿ ಉತ್ತರಿಸುತ್ತೇನೆ.