ಫೋನ್ ಸರ್ವರ್ ಪದೇ ಪದೇ ನಿಲ್ಲುತ್ತಿದೆ: ಆಸ್ಟರಿಸ್ಕ್‌ನ ಯಾವ ಆವೃತ್ತಿ ಹಾಕಿದರೆ ಸರಿಹೋಗುತ್ತದೆ?

ಕರೆಗಳನ್ನು ನಡೆಸುವ ತಂತ್ರಾಂಶವಾದ ಆಸ್ಟರಿಸ್ಕ್‌ನ ಯಾವ ಆವೃತ್ತಿಯನ್ನೂ ಹಾಕಬೇಡಿ. ಸರ್ವರ್ ಒಮ್ಮೆ ಹಗಲಿನಲ್ಲಿ, ಒಮ್ಮೆ ನಡುರಾತ್ರಿಯಲ್ಲಿ, ಲಾಗ್‌ನಲ್ಲಿ ಒಂದು ಸಾಲನ್ನೂ ಬರೆಯದೆ ನಿಂತುಹೋಗುತ್ತದೆ ಎಂದು ನೀವು ಬರೆದಿದ್ದೀರಿ. ಒಂದು ಆಸ್ಪತ್ರೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯಂತ್ರವೂ ಹೀಗೆಯೇ ಮಾಡುತ್ತಿತ್ತು. 30 ಚಾನೆಲ್‌ಗಳ, ಅಂದರೆ ಒಮ್ಮೆಗೇ 30 ಕರೆ ಸಾಗಿಸುವ, ಒಂದು ಪಿಆರ್‌ಐ ಡಿಜಿಟಲ್ ಫೋನ್ ಲೈನ್, ಅದಕ್ಕೊಂದು ಕಾರ್ಡ್, ಸಾಮಾನ್ಯ ಡೆಸ್ಕ್‌ಟಾಪ್ ಪೆಟ್ಟಿಗೆ. ಅದು ನಿಂತರೆ ತುರ್ತು ಚಿಕಿತ್ಸಾ ವಿಭಾಗಕ್ಕೂ ಕರೆ ತಲುಪುತ್ತಿರಲಿಲ್ಲ.

ಆಸ್ಟರಿಸ್ಕ್ ಮೇಲೆಯೇ ಅನುಮಾನಪಟ್ಟು ನಾನು ಎರಡು ಸಲ ಆವೃತ್ತಿ ಬದಲಿಸಿದೆ. ಕ್ರ್ಯಾಶ್ ಆದ ಕ್ಷಣದ ಮೆಮೊರಿಯ ಪ್ರತಿಗಳಾದ ಕೋರ್ ಡಂಪ್‌ಗಳನ್ನು ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ತೆರೆದರೆ ಒಮ್ಮೆ ಕರೆ ಜೋಡಿಸುವ ಸಿಪ್ ಭಾಗದಲ್ಲಿ, ಇನ್ನೊಮ್ಮೆ ಧ್ವನಿ ಪರಿವರ್ತಿಸುವ ಭಾಗದಲ್ಲಿ, ಮತ್ತೊಮ್ಮೆ ಮೆಮೊರಿ ಹಂಚುವ ಕಡೆಯಲ್ಲಿ ಕ್ರ್ಯಾಶ್ ಆಗಿತ್ತು. ತಂತ್ರಾಂಶದ ದೋಷವಾದರೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತದೆ. ಮೆಮೊರಿಯನ್ನು ಕೆಡಿಸುವ ಕೆಲವು ತಂತ್ರಾಂಶ ದೋಷಗಳೂ ಹೀಗೆ ಅಲೆಯುವುದುಂಟು, ಆದರೆ ನಮ್ಮಲ್ಲಿ ಸಂಬಂಧವೇ ಇಲ್ಲದ ಡೇಟಾಬೇಸ್ ಕೂಡ ಆಗಾಗ ಬೀಳುತ್ತಿತ್ತು. ಅಲ್ಲಿಗೆ ಅನುಮಾನ ರ‍್ಯಾಮ್‌ನತ್ತ ತಿರುಗಿತು.

ತಪ್ಪಿದ್ದು ಇಲ್ಲಿಯೇ. ಆಸ್ಪತ್ರೆಯವರು ರಾತ್ರಿ 2 ಗಂಟೆಗೆ ಒಂದು ತಾಸು ಬಿಡುವು ಕೊಟ್ಟಿದ್ದರು. ಯಂತ್ರವನ್ನು ಆಫ್ ಮಾಡಿ, ಪೆಟ್ಟಿಗೆ ಬಿಚ್ಚಿ, ಧೂಳು ಒರೆಸಿ, ಮುಚ್ಚಳ ತೆಗೆದಿಟ್ಟೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಒಂದು ಸುತ್ತು ಮುಗಿಯಿತು, ದೋಷ ಸೊನ್ನೆ. ರ‍್ಯಾಮ್ ಚೆನ್ನಾಗಿದೆ ಎಂದು ಕಡತದಲ್ಲಿ ಬರೆದೂಬಿಟ್ಟೆ, ಆ ಒಂದು ಸಾಲನ್ನು ನಂಬಿ ಇನ್ನೂ ಮೂರು ವಾರ ಕಾರ್ಡ್, ಕೇಬಲ್, ಕರ್ನಲ್ ಎಂದು ಅಲೆದೆ. ತಣ್ಣಗಾದ ರ‍್ಯಾಮನ್ನು, ತೆರೆದ ಗಾಳಿಯಲ್ಲಿ, ಒಂದೇ ಸುತ್ತು ಪರೀಕ್ಷಿಸಿದ್ದೆ. ಕೆಲಸದ ವೇಳೆಯಲ್ಲಿ ಅದೇ ಯಂತ್ರ ಮುಚ್ಚಿದ ಕಪಾಟಿನಲ್ಲಿ ಕಾದು ಕೂತಿರುತ್ತಿತ್ತು. ಕೆಲವು ದೋಷಗಳು ಬಿಸಿಯಾದ ಮೇಲೆಯೇ ಹೊರಬೀಳುತ್ತವೆ. ಕೊನೆಗೆ ಕರೆಗಳಿಗೆ ಬದಲಿ ಯಂತ್ರವೊಂದನ್ನು ಹೊಂದಿಸಿ, ಹಳೆಯದರಲ್ಲಿ ಅದೇ ಕಪಾಟಿನಲ್ಲಿ, ಮುಚ್ಚಳ ಹಾಕಿಯೇ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದಾಗ, ಐದನೆಯ ಸುತ್ತಿನಲ್ಲಿ ಕೆಂಪು ಸಾಲು ಮೂಡಿತು: ಎಂಟು ಎಫ್‌ಗಳಿರಬೇಕಾದಲ್ಲಿ ಏಳು ಎಫ್, ಒಂದು ಬಿ (ಈ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ ಎಫ್ ಎಂದರೆ 1111, ಬಿ ಎಂದರೆ 1011). ಒಂದೇ ಒಂದು ಬಿಟ್ ತಿರುಗಿತ್ತು.

ನೀವೂ ಹಾಗೆಯೇ ಇಡೀ ರಾತ್ರಿ ಓಡಿಸಿ. ದೋಷ ಕಂಡರೆ ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ, ಕೆಟ್ಟದ್ದೆಂದು ತೋರಿದ್ದನ್ನು ಬೇರೆ ಸ್ಲಾಟಿಗೂ ಹಾಕಿ. ದೋಷ ಸ್ಲಾಟಿನಲ್ಲೇ ಉಳಿದರೆ ಸಂಶಯ ಮದರ್‌ಬೋರ್ಡ್ ಮೇಲೆ. ಏನೂ ಕಾಣದಿದ್ದರೆ ಪವರ್ ಸಪ್ಲೈ ಬದಲಿಸಿ ನೋಡಿ, ಬೋರ್ಡಿನ ಕೆಪಾಸಿಟರ್‌ಗಳ ನೆತ್ತಿ ಉಬ್ಬಿದೆಯೇ ಎಂದು ಟಾರ್ಚ್ ಹಿಡಿದು ಪರೀಕ್ಷಿಸಿ. ಹೊಸ ಯಂತ್ರ ಕೊಳ್ಳುವುದಾದರೆ ಇಸಿಸಿ ರ‍್ಯಾಮ್ ಇರುವುದನ್ನೇ ಕೇಳಿ: ಒಂದು ಬಿಟ್ ತಪ್ಪಿದರೆ ಅದು ತಾನೇ ತಿದ್ದಿಕೊಳ್ಳುತ್ತದೆ, ಲಿನಕ್ಸ್‌ನಲ್ಲಿ ಮೆಮೊರಿ ದೋಷಗಳನ್ನು ದಾಖಲಿಸುವ ಇಡಿಎಸಿ ಎಂಬ ಭಾಗ ಚಾಲೂ ಇದ್ದರೆ ಅದರ ಲೆಕ್ಕವೂ ಸಿಗುತ್ತದೆ. ನಮ್ಮ ಆಸ್ಪತ್ರೆಯ ಸಾಮಾನ್ಯ ರ‍್ಯಾಮ್‌ಗೆ ಆ ಸೌಲಭ್ಯ ಇರಲಿಲ್ಲ.